ಫೋನಲ್ಲಿ ನೋಡಿ ಓಡಿ ಬಂದವರು

ಸಾಕುಪ್ರಾಣಿಗಳ ಆ ಪುಟ್ಟ ಆಸ್ಪತ್ರೆಯ ಡಾಕ್ಟರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಯಾರಾದರೂ "ಫೋನಲ್ಲಿ ನೋಡ್ದೆ ಮೇಡಂ" ಎಂದರೆ ಮುಗಿಯಿತು. "ಹಾಗಾದ್ರೆ ಇಂಜೆಕ್ಷನ್ನೂ ಅದರ ಕೈಲೇ ಹಾಕಿಸ್ಕೊಳ್ಳಿ" ಎನ್ನುತ್ತಿದ್ದರು. ಕೋಪಕ್ಕೆ ಕಾರಣವೂ ಇತ್ತು. ಫೋನಲ್ಲಿ ಯಾರೋ ಬರೆದದ್ದನ್ನು ನಂಬಿದ ಮನೆಯವರು ಜ್ವರಕ್ಕೆಂದು ಮನುಷ್ಯರ ಮಾತ್ರೆ ನುಂಗಿಸಿದ್ದ ಬೆಕ್ಕೊಂದು ಅವರ ಕಣ್ಣೆದುರೇ ಪ್ರಾಣ ಬಿಟ್ಟಿತ್ತು.

ಒಂದು ಮಧ್ಯಾಹ್ನ ನಿವೃತ್ತ ಬಸ್ ಚಾಲಕರೊಬ್ಬರು ತರಕಾರಿ ಬುಟ್ಟಿಯಲ್ಲಿ ಬೆಕ್ಕನ್ನು ಹೊತ್ತು, ಏದುಸಿರು ಬಿಡುತ್ತ ಬಂದರು. ಬೆಕ್ಕು ಗುಂಡುಕಲ್ಲಿನಂತಿತ್ತು, ಬುಟ್ಟಿಯಿಂದ ಇಳಿದು ಮೇಜಿನ ಮೇಲೆ ಮೈ ಮುರಿಯಿತು.

"ಏನಾಗಿದೆ ಇದಕ್ಕೆ?"

"ಇನ್ನೂ ಏನೂ ಆಗಿಲ್ಲಮ್ಮ. ಮಗಳು ಲಿಲ್ಲಿ ಹೂವು ತಂದಿಟ್ಟಿದ್ಲು. ನೋಡಿದ್ರೆ ಈ ಬೆಕ್ಕಿನ ಮೂತಿಯೆಲ್ಲ ಹೂವಿನ ಪುಡಿ. ಒರೆಸ್ತಾ ಒರೆಸ್ತಾ ಅನುಮಾನ ಬಂತು, ಫೋನಲ್ಲಿ ನೋಡ್ದೆ. ಬೈಬೇಡಿ. ಆ ಹೂವು ಬೆಕ್ಕಿಗೆ ವಿಷ ಅಂತಿತ್ತು. ಉಪ್ಪುನೀರು ಕುಡಿಸಿ ವಾಂತಿ ಮಾಡ್ಸಿ ಅಂತಾನೂ ಒಬ್ಬ ಬರ್ದಿದ್ದ. ನಿಮ್ಮನ್ನ ಕೇಳ್ದೆ ಅದು ಮಾಡೋಕೆ ಧೈರ್ಯ ಬರ್ಲಿಲ್ಲ."

ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನು ಡಾಕ್ಟರಮ್ಮ ನುಂಗಿಕೊಂಡರು. ಆ ಹೂವು ಬೆಕ್ಕಿನ ಮೂತ್ರಪಿಂಡಕ್ಕೆ ಕಡುವಿಷ. ಮೊದಮೊದಲು ಏನೂ ಕಾಣದು. ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ. ಅವರ ಬಳಿಗೆ ಅಂಥ ಬೆಕ್ಕುಗಳು ಬಂದದ್ದೆಲ್ಲ ತಡವಾಗಿಯೇ. ಹೊತ್ತಿಗೆ ಸರಿಯಾಗಿ ಬಂದದ್ದು ಇದೇ ಮೊದಲು.

ಕೂಡಲೇ ಮೂತಿ ತೊಳೆದು, ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಬೆಕ್ಕು ಕೆಲವು ದಿನ ಅಲ್ಲೇ ಉಳಿಯಿತು. ಚಾಲಕರು ದಿನವೂ ಬಂದು ಪಂಜರದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಅದರೊಡನೆ ಮಾತಾಡುತ್ತಿದ್ದರು. ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಿದೆ ಎಂದು ತಿಳಿದಾಗ ಅವರ ಕಣ್ಣು ತುಂಬಿ ಬಂತು.

"ನೀವು ದೇವರಿದ್ದ ಹಾಗೆ ತಾಯಿ."

"ಕಾಪಾಡಿದ್ದು ನೀವು ಯಜಮಾನ್ರೆ. ಓದಿ ಸುಮ್ನೆ ಕೂತಿದ್ರೂ ಹೋಗ್ತಿತ್ತು, ಓದಿದ್ದನ್ನೆಲ್ಲ ಮಾಡಿದ್ರೂ ಹೋಗ್ತಿತ್ತು. ಓಡಿ ಬಂದ್ರಲ್ಲ, ನಾನೇ ನಿಮಗೆ ಕೈ ಮುಗೀಬೇಕು" ಎಂದು ಡಾಕ್ಟರಮ್ಮ ನಿಜಕ್ಕೂ ಕೈ ಮುಗಿದರು. ಚಾಲಕರು ನಾಚಿಕೊಂಡು ಬುಟ್ಟಿಯತ್ತ ಮುಖ ತಿರುಗಿಸಿದರು.

ಡಾಕ್ಟರಮ್ಮನ ಕೋಪ ಪೂರ್ತಿ ಇಳಿದಿದೆಯೆಂದೇನಲ್ಲ. ಆದರೆ ಈಗ ಯಾರೇ ಬಂದರೂ, "ಏನೇನು ಓದಿದ್ರಿ, ತೋರ್ಸಿ" ಎಂದು ತಾವೇ ಕೇಳುತ್ತಾರೆ. ತೋರಿಸಿದ್ದರಲ್ಲಿ ಜೊಳ್ಳೇ ಹೆಚ್ಚು. ಪಕ್ಕದಲ್ಲಿ ಕೂತು ಕಾಳು ಆರಿಸಿ ಕೊಡುತ್ತಾರೆ. ಚಾಲಕರಂತೂ ಬೆಕ್ಕು ಸೀನಿದರೂ ಫೋನ್ ಮಾಡುತ್ತಾರೆ. ಊಟದ ನಡುವೆಯಾದರೂ ಡಾಕ್ಟರಮ್ಮ ಎಡಗೈಯಲ್ಲಿ ಫೋನೆತ್ತಿ, "ಹೇಳಿ, ಇವತ್ತೇನು ಓದಿದ್ರಿ?" ಎನ್ನುತ್ತಾರೆ.