ನನ್ನ ಬೈಕಿನ ಉಷ್ಣ

ನಲವತ್ತೆಂಟನೆಯ ವಯಸ್ಸಿನಲ್ಲಿ ನಾನೊಂದು ಸ್ಪೋರ್ಟ್ಸ್ ಬೈಕು ಕೊಂಡೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಸಿರು ಬಣ್ಣದ್ದು, ಮುಂದಕ್ಕೆ ಬಾಗಿ ಕೂರಬೇಕಾದದ್ದು. ಕೂತರೆ ಯಾರಿಗೋ ಸಾಷ್ಟಾಂಗ ಹಾಕಲು ಹೊರಟವನ ಹಾಗೆ ಕಾಣುತ್ತೇನೆ. ಸೆಕೆಂಡ್ ಹ್ಯಾಂಡ್ ಗಾಡಿ. ದೇವನಹಳ್ಳಿಯ ಯುವಕನೊಬ್ಬ ಮದುವೆ ನಿಶ್ಚಯವಾಯಿತೆಂದು ಮಾರಿದ. ನಾನು ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಕೊಂಡೆ. ನಮ್ಮಿಬ್ಬರಲ್ಲಿ ಯಾರು ಜಾಣರು ಎಂಬುದನ್ನು ನನ್ನ ಹೆಂಡತಿ ಸುಮಿತ್ರ ಅಂದೇ ತೀರ್ಮಾನಿಸಿದಳು.

ದೊಡ್ಡಬಳ್ಳಾಪುರದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಶಾಖದ ಪಾಠವನ್ನು ನಿದ್ದೆಯಲ್ಲೂ ಮಾಡಬಲ್ಲೆ. ಆದರೆ ಆಯುಧಪೂಜೆ ಕಳೆದು ವಾರವಾಗುವಷ್ಟರಲ್ಲಿ ಅದೇ ಶಾಖ ನನ್ನ ಮೊಣಕಾಲ ಪಕ್ಕದಲ್ಲೇ ಬುಸುಗುಟ್ಟತೊಡಗಿದಾಗ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಎರಡು ಸಲ ನಾನೊಬ್ಬನೇ ಇದ್ದಾಗ ಕುದಿದು ನಿಂತಿತು. ಮೂರನೆಯ ಸಲ ಸುಮಿತ್ರ ಹಿಂದೆ ಕೂತಿದ್ದಾಗ, ಅದೂ ಅವಳ ತಮ್ಮನ ಬೀಗರ ಮನೆ ಮುಂದೆಯೇ ನಿಂತು ಹಬೆ ಬಿಟ್ಟಿತು. ಬೀಗರು ಕುರ್ಚಿ ಹಾಕಿಕೊಂಡು ನೋಡಿದರು.

"ಅದಕ್ಕೆ ಉಷ್ಣ ಆಗಿದೆ," ಎಂದಳು ಸುಮಿತ್ರ.

ಉಷ್ಣ ಎಂಬುದು ನಮ್ಮ ಜನಕ್ಕೆ ಭೌತಶಾಸ್ತ್ರವಲ್ಲ, ಸಂಸಾರದ ವಿಷಯ. ಬಾಯಿ ಹುಣ್ಣಾದರೆ ಉಷ್ಣ, ಕಣ್ಣು ಉರಿದರೆ ಉಷ್ಣ, ನಿದ್ದೆ ಬರದಿದ್ದರೆ ಉಷ್ಣ, ಜಾಸ್ತಿ ಬಂದರೂ ಉಷ್ಣ. ನೆತ್ತಿಗೆ ಹರಳೆಣ್ಣೆ, ಹೊಟ್ಟೆಗೆ ಮೆಂತ್ಯ ಹಾಕಿದ ಮಜ್ಜಿಗೆ. ದೇವರನ್ನೂ ನಾವು ಬಿಟ್ಟಿಲ್ಲ. ವಿಷ ಕುಡಿದ ಶಿವನ ತಲೆಯ ಮೇಲೆ ಗಂಗೆ, ಪಕ್ಕದಲ್ಲಿ ಚಂದ್ರ. ಅದೂ ಸಾಲದೆಂದು ಲಿಂಗದ ಮೇಲೆ ಹನಿಹನಿಯಾಗಿ ತೊಟ್ಟಿಕ್ಕುವ ಧಾರಾಪಾತ್ರೆ. ಲಿಕ್ವಿಡ್ ಕೂಲಿಂಗ್ ಮೊದಲು ಶುರುವಾದದ್ದು ಕೈಲಾಸದಲ್ಲೇ ಎಂದು ನನ್ನ ವಾದ. ಈ ವಾದವನ್ನು ನಮ್ಮ ಹೆಡ್‌ಮಾಸ್ಟರು ಇನ್ನೂ ಒಪ್ಪಿಲ್ಲ.

ಸುಮಿತ್ರಳದು ವಾದವಲ್ಲ, ತೀರ್ಪು. "ಬರೋ ಭಾನುವಾರ ಶಿವಗಂಗೆಗೆ ಕರ್ಕೊಂಡ್ಹೋಗಿ. ಹೋಗ್ತಾ ಬರ್ತಾ ಎಲ್ಲಾದ್ರೂ ಒಂದ್ಸಲ ನಿಂತ್ರೆ, ಸೋಮವಾರ ಮಾರಿಬಿಡ್ಬೇಕು."

ಒಪ್ಪದೆ ವಿಧಿಯಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ಆ ಗಾಡಿಯೆಂದರೆ ನನಗೆ ಪ್ರಾಣ. ಅದರ ಎಂಜಿನ್ನು ಗುರ್ ಎಂದಾಗಲೆಲ್ಲ ನನ್ನ ಮುಖದ ಮೇಲೆ ಕಾರಣವಿಲ್ಲದ ನಗು ಬಂದು ಕೂರುತ್ತದೆ. ಶನಿವಾರ ಶಾಲೆ ಬಿಟ್ಟವನೇ ಮೆಕ್ಯಾನಿಕ್ ಇಮ್ತಿಯಾಜ್ ಭಾಯ್ ಹತ್ತಿರ ಓಡಿದೆ.

ಇಮ್ತಿಯಾಜ್ ಗಾಡಿಯ ಮುಂದಿನ ಕವಚ ಬಿಚ್ಚಿ, ರೇಡಿಯೇಟರನ್ನು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಬಾಚಣಿಗೆಯ ಹಲ್ಲಿನಂಥ ತೆಳು ಪಟ್ಟಿಗಳು. ಅವುಗಳ ನಡುವೆ ಗಾಳಿ ಹಾಯ್ದರೆ ಒಳಗಿನ ನೀರು ತಣ್ಣಗಾಗಬೇಕು. ಅಲ್ಲಿ ಗಾಳಿಗೆ ದಾರಿಯೇ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ, ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ನಡುವೆ ರೂಪಾಯಿಯಗಲ ಕುಂಕುಮ, ಸಂದಿಯಲ್ಲಿ ಚೆಂಡುಹೂವಿನ ಎಸಳು.

"ಪೂಜೆ ಜೋರಾಗೇ ಆಗಿದೆ ಮೇಷ್ಟ್ರೇ," ಎಂದರು ಇಮ್ತಿಯಾಜ್.

ಹಬ್ಬದ ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಸುಮಿತ್ರ ಮಾಡಿದ ಕೆಲಸ! ಗಾಡಿಯ ಬಗ್ಗೆ ಒಂದು ಒಳ್ಳೆಯ ಮಾತಾಡದವಳು ಅದರ ಹಣೆಯೆಂದುಕೊಂಡು ಅದರ ಮೂಗು ಮುಚ್ಚಿದ್ದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ತಪ್ಪು ನನ್ನದಾಗಿರಲಿಲ್ಲ.

ಈ ಸಂತೋಷ ಐದು ನಿಮಿಷ ಬಾಳಿತು. ಇಮ್ತಿಯಾಜ್ ಕೆಳಗಿನ ಬೋಲ್ಟು ಬಿಚ್ಚಿ ಹಳೆಯ ನೀರು ಇಳಿಸಿದರು. ಕಲಗಚ್ಚಿನ ಬಣ್ಣದ ನೀರಿನ ಜೊತೆಗೆ ಬಿಳಿಯ ಚಕ್ಕೆಗಳೂ ಬಂದವು, ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವಂಥವೇ.

"ಒಳಗೆ ಯಾವ ನೀರು ಹಾಕಿದ್ರಿ?"

"ಬೋರ್‌ವೆಲ್ದು," ಎಂದೆ, ಮನೆಪಾಠ ಮಾಡದವನ ದನಿಯಲ್ಲಿ. ಮೊದಲ ಸಲ ಕುದಿದಾಗ ಯಾರಿಗೂ ಹೇಳದೆ ಎರಡು ಚೊಂಬು ಸುರಿದಿದ್ದೆ.

"ಸರಿಹೋಯ್ತು. ಹೊರಗಡೆ ಮೇಡಂ ಮುಚ್ಚಿದ್ರು, ಒಳಗಡೆ ನೀವು ಮುಚ್ಚಿದ್ರಿ. ಗಾಡಿ ಏನ್ ಮಾಡತ್ತೆ ಪಾಪ?"

ಅವರು ಹೂವಿನ ಎಸಳುಗಳನ್ನು ಚಿಮಟದಲ್ಲಿ ಎತ್ತಿ, ಚರಂಡಿಗೆ ಎಸೆಯದೆ ಬೇವಿನ ಮರದ ಬುಡಕ್ಕೆ ಹಾಕಿದರು. ಮೆತ್ತನೆಯ ಬ್ರಷ್ಷಿನಿಂದ ವಿಭೂತಿ ಬಿಡಿಸಿದರು. ಒಳಗೆಲ್ಲ ಶುದ್ಧ ನೀರು ಹಾಯಿಸಿ ಹಾಯಿಸಿ ತೊಳೆದು, ಎಂಜಿನ್ ತಣ್ಣಗಿಡುವ ಹಸಿರು ಕೂಲೆಂಟ್ ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಓಡಿಸಿದರು. ಒಳಗೆ ಸಿಕ್ಕಿಕೊಂಡಿದ್ದ ಗಾಳಿ ಗುಳುಗುಳು ಎಂದು ಗುಳ್ಳೆಯಾಗಿ ಮೇಲೆ ಬಂತು. ಒಂದೊಂದು ಗುಳ್ಳೆಗೂ ನಾನು ಚಪ್ಪಾಳೆ ತಟ್ಟಿದೆ. ಪಕ್ಕದ ಟೈರು ಅಂಗಡಿಯವರು ಎದ್ದು ಬಂದು ನೋಡಿ ಹೋದರು.

ಭಾನುವಾರ ದೊಡ್ಡಬೆಳವಂಗಲ ದಾಟುವವರೆಗೆ ಮೀಟರಿನಲ್ಲಿ ಬಿಸಿ ತೋರಿಸುವ ಕಡ್ಡಿಗಳು ಮೂರೇ ಇದ್ದವು. ದಾಬಸ್‌ಪೇಟೆಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. ಕಡ್ಡಿ ನಾಲ್ಕಾಯಿತು, ಐದಾಯಿತು. ನನ್ನ ಬೆನ್ನು ಬೆವೆತಿತು. ಅಷ್ಟರಲ್ಲಿ ಸುಂಯ್ ಎಂದು ಸದ್ದು.

"ಏನ್ರೀ ಅದು? ಕುದೀತಾ?"

"ಇಲ್ಲ ಕಣೇ, ಫ್ಯಾನು! ಉಸಿರಾಡ್ತಾ ಇದೆ!"

ಕಡ್ಡಿಗಳು ಒಂದೊಂದಾಗಿ ಇಳಿದವು. ನಾನು ಹೆಲ್ಮೆಟ್ಟಿನೊಳಗೇ ಹೋ ಎಂದು ಕೂಗಿದೆ. ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪವೇ ಬೆಣ್ಣೆಯಾಗುತ್ತದಂತೆ. ಅಂಥ ಕಡೆಗೆ ಹೊರಟ ಗಾಡಿ ತಣ್ಣಗಾಗದೆ ಇರುತ್ತದೆಯೇ?

ದರ್ಶನ ಮುಗಿಸಿ ಬಂದ ಸುಮಿತ್ರ ಅಂಗೈಯಲ್ಲಿ ವಿಭೂತಿ ಕಲಸಿಕೊಂಡು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೇರ ರೇಡಿಯೇಟರಿಗೇ ಕೈ! ನಾನಿನ್ನೂ ಏನನ್ನೂ ಹೇಳಿರಲಿಲ್ಲ. ಅವಳ ವಿಭೂತಿಯ ತಪ್ಪನ್ನು ಹೇಳಿದರೆ ನನ್ನ ಚೊಂಬಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು. ಬೇರೆ ದಾರಿ ಕಾಣದೆ ನಡುವೆ ನನ್ನ ತಲೆ ತೂರಿಸಿದೆ. ಮೂರು ಪಟ್ಟೆ ನನ್ನ ಹಣೆಗೆ ಬಿತ್ತು. ಅಲ್ಲೇ ಕೂತು ಎರಡೂ ತಪ್ಪು ಒಪ್ಪಿಸಿದೆ.

"ದಿನಾ ಅದರ ಮೇಲೆ ಹೋಗ್ತೀರಲ್ಲ ಅಂತ ದಪ್ಪಕ್ಕೆ ಬಳಿದೆ ಕಣ್ರೀ," ಎಂದಳು. ಪ್ರೀತಿಗೂ ಗಾಳಿಯಾಡುವಷ್ಟು ಸಂದಿ ಬಿಡಬೇಕೆಂದು ಪಾಠ ಹೇಳಲು ಹೊರಟವನು ಬಾಯಿ ಮುಚ್ಚಿಕೊಂಡೆ. ಉಳಿದ ವಿಭೂತಿಯನ್ನು ಅವಳು ಪೆಟ್ರೋಲ್ ಟ್ಯಾಂಕಿನ ಮೇಲೆ ಎಳೆದಳು.

ವಾಪಸ್ ಬರುವಾಗ ದೊಡ್ಡಬೆಳವಂಗಲದ ಹತ್ತಿರ ಬೆನ್ನಿಗೆ ಗುದ್ದು ಬಿತ್ತು. "ನಿಲ್ಸ್ರೀ, ಎಳನೀರು ಕುಡಿಯೋಣ. ನಂಗೆ ಉಷ್ಣ ಆಗಿದೆ."

ನಿಲ್ಲಿಸಿದೆ. ಅವಳು ಕುಡಿಯುತ್ತಿರುವಾಗ ಅಳುಕುತ್ತ ಕೇಳಿದೆ: "ನಿಂತ್ರೆ ಮಾರ್ಬೇಕು ಅಂದಿದ್ಯಲ್ಲ?"

ಸುಮಿತ್ರ ಬುರುಡೆಯನ್ನು ಗಂಜಿ ತೆಗೆಯಲು ಎಳನೀರಿನವನ ಕೈಗೆ ಕೊಟ್ಟು ಹೇಳಿದಳು: "ಅದೆಲ್ಲಿ ನಿಂತಿತು? ನಾನು ನಿಲ್ಸಿದ್ದು."