ಕ್ಯಾತನಹಳ್ಳಿ ಕ್ಯಾಂಪಿನ ಮುದ್ದೆ

ತೊಂಬತ್ತರ ದಶಕದ ನಡುವೆ, ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದಾಗ, ನಮ್ಮ ಕಾಲೇಜಿನ ಎನ್ನೆಸ್ಸೆಸ್ ಕ್ಯಾಂಪು ಕ್ಯಾತನಹಳ್ಳೀಲಿ ನಡೀತು. ಹುಡುಗರು ಚರಂಡಿ ತೋಡೋದು, ಹುಡುಗೀರು ನಾವು ಅಡುಗೆ ಮಾಡೋದು. ಯಾರೂ ಹೇಳದೇ ಕೆಲಸ ಹಾಗೆ ಹಂಚಿಹೋಗಿತ್ತು. ಸಾಯಂಕಾಲ ನಮ್ಮ ಮೇಡಂ ‘ಇನ್ನೊಬ್ಬರ ಕಷ್ಟ ಅರಿಯುವ ತರಬೇತಿ’ ಅಂತ ಭಾಷಣ ಮಾಡೋರು, ಹುಡುಗರು ಗೋಡೆಗೊರಗಿ ತೂಕಡಿಸೋರು. ಒಂದು ದಿನ ಮುದ್ದೆ ಗಟ್ಟಿಯಾಯ್ತು ಅಂತ ಒಬ್ಬ ಅದನ್ನ ಗೋಡೆಗೆ ಕುಟ್ಟಿ ತೋರಿಸಿದ. ಮೇಡಂ ಭಾಷಣ ನಿಲ್ಲಿಸಿಬಿಟ್ರು. ನಾಳೆ ಕೆಲಸ ಅದಲುಬದಲು, ಅಂದ್ರು.

ಹುಡುಗರು ಗೊಣಗಿದ್ರು. ಅವರ ನಾಯಕ, ಪಾಂಡವಪುರದ ಹುಡುಗ, ಅಡುಗೆ ಏನು ಬ್ರಹ್ಮವಿದ್ಯೆಯಾ ಅಂದ. ನಮಗೆ ಮೇಡಂ ಹೇಳಿದ್ದು ಇನ್ನೂ ಚೆನ್ನಾಗಿತ್ತು: ಚರಂಡಿ ಮುಗಿಸಿ ಜಗಲಿ ಮೇಲೆ ಕೂತು ಪೇಪರ್ ಓದಿ, ಊಟ ಎಲ್ಲಿ ಅಂತ ಕೂಗಿ, ಸಪ್ಪೆ ಅಂತ ಮುಖ ಸಿಂಡರಿಸಿ, ಆದ್ರೆ ಎದ್ದು ಹೋಗಿ ಕೈ ಹಾಕಬೇಡಿ. ಅಯ್ಯಯ್ಯೋ, ಎಂಥಾ ಸುಖ ಅಂತೀರಿ. ಗದ್ದೆ ಕೆಲಸ ಮಾಡಿ ಬೆಳೆದ ನಮಗೆ ಚರಂಡಿ ಯಾವ ಲೆಕ್ಕ. ಬಿಸಿಲೇರೋ ಹೊತ್ತಿಗೆ ಮುಗಿಸಿ, ಕಾಲ ಮೇಲೆ ಕಾಲು ಹಾಕ್ಕೊಂಡು, ಓದಿದ್ದ ಪೇಪರನ್ನೇ ಮತ್ತೆ ಓದ್ತಿದ್ವಿ.

ಆಗ ಗೇಟಿನ ಹತ್ರ ಅಪ್ಪ ಕಾಣಿಸಿಕೊಂಡ್ರು. ಕಿಕ್ಕೇರಿ ಕಡೆಯ ನಮ್ಮೂರಿಂದ ಬಸ್ಸು ಬದಲಾಯಿಸಿಕೊಂಡು ಬಂದಿದ್ರು. ಅವ್ವ ಕೊಟ್ಟಿಗೇಲಿ ಜಾರಿ ಬಿದ್ದು ಬಲಗೈ ಮುರಿದಿತ್ತಂತೆ. ಬಟ್ಟೆಬರೆ ಕಟ್ಕೊ, ಅಂದ್ರು. ಪರೀಕ್ಷೆ ಮುಂದಿನ ತಿಂಗಳು ಅಂದೆ.

“ಓದಿದ್ದು ಸಾಕು. ಮನೇಲಿ ಇಟ್ಟು ಕಟ್ಟೋರ್ಯಾರು?”

ನಮ್ಮ ಕಡೆ ಹಿಟ್ಟಿಗೂ ಇಟ್ಟು ಅಂತಾರೆ, ಮುದ್ದೆಗೂ ಇಟ್ಟು ಅಂತಾರೆ. ಕಾಲೇಜಿಗಿಂತ ತೂಕ ಜಾಸ್ತಿ ಅದಕ್ಕೆ. ಹುಡುಗಿ ಒಂದು ಸಲ ಗಂಟುಮೂಟೆ ಕಟ್ಟಿದ್ಲು ಅಂದ್ರೆ ಮತ್ತೆ ಕಾಲೇಜಿಗೆ ಬರೋದು ಲಗ್ನಪತ್ರಿಕೆ ಹಂಚೋಕೇ. ಅವ್ವನ ಬಗ್ಗೆ ಸಂಕಟ, ಅಪ್ಪನ ಮೇಲೆ ಸಿಟ್ಟು, ಎರಡೂ ಸೇರಿ ಅಳು ಬಂತು. ಮೇಡಂ ಮಾತ್ರ, ಬಿಸಿಲಲ್ಲಿ ಬಂದಿದ್ದೀರಿ, ಊಟ ಮಾಡ್ಕೊಂಡು ಹೊರಡಿ ಅಂತ ಅಪ್ಪನ್ನ ಕೂರಿಸಿದ್ರು.

ಕೂತ ಜಾಗದಿಂದ ಒಲೆ ಕಾಣ್ತಿತ್ತು. ಹುಟ್ಟಿದಾಗಿಂದ ದಿನಾ ಮುದ್ದೆ ನುಂಗಿದ ಈ ಗಂಡುಗಳು, ಅದು ಹೇಗಾಗುತ್ತೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ನಾಯಕ ತಣ್ಣೀರಿಗೇ ಹಿಟ್ಟು ಸುರಿದಿದ್ದ. ಶ್ರೀರಂಗಪಟ್ಟಣದ ಲಾರಿ ಮೆಕ್ಯಾನಿಕ್ಕರ ಮಗ ಕೋಲು ಹಿಡಿದು ಬೆವರು ಸುರಿಸ್ತಾ, ಯಾ ಅಲ್ಲಾ, ಇದು ಗಾರೆ ಆಗೋಯ್ತಲ್ಲೋ ಅಂತಿದ್ದ. ಅಪ್ಪ ಕೆಮ್ಮಿದ್ರು. ಬೀಡಿ ಹಚ್ಚಿದ್ರು, ಆರಿಸಿದ್ರು. ಕೊನೆಗೆ ಟವಲ್ಲು ತಲೆಗೆ ಸುತ್ತಿ ಎದ್ದೇಬಿಟ್ರು.

“ಎಸರು ಮಳ್ಳದೆ ಇಟ್ಟು ಉಯ್ತಾರೇನ್ಲಾ? ಈಚೆಗೆ ಬರ್ರಲಾ ಬೆಪ್ಪುಮುಂಡೇವಾ.”

ಪಾತ್ರೆ ತೊಳೆಸಿದ್ರು, ಬೇರೆ ಎಸರಿಟ್ರು, ಅದು ಮಳ್ಳಿ ಕುದಿಯೋವರೆಗೂ ಯಾರನ್ನೂ ಹತ್ರ ಬಿಡಲಿಲ್ಲ. ಕವೆಗೋಲಲ್ಲಿ ಪಾತ್ರೆ ಅದುಮಿ ಹಿಡಿದು, ಕೋಲಲ್ಲಿ ಹಿಟ್ಟು ತಿರುವಿ ತೊಳಸಿದ ರಭಸಕ್ಕೆ ನಾನು ಬಾಯಿ ಬಿಟ್ಕೊಂಡು ನಿಂತೆ. ಮನೇಲಿ ಕುಡಿಯೋ ನೀರಿಗೂ ಜಗಲಿಯಿಂದ ಕೂಗೋ ಮನುಷ್ಯ ಇವರು. ಒದ್ದೆ ಕೈಯಲ್ಲಿ ಮುದ್ದೆ ತಿರುಗಿಸಿ ಮಣೆ ಮೇಲೆ ಸಾಲಾಗಿ ಇಟ್ರು; ಒಂದರಲ್ಲೂ ಗಂಟಿಲ್ಲ. ಗೌಡ್ರೇ, ಎಲ್ಲಿ ಕಲಿತ್ರಿ ಅಂತ ಹುಡುಗರು ಸುತ್ತಿಕೊಂಡ್ರು. ಅಪ್ಪ ಉಬ್ಬಿಹೋದ್ರು.

“ಮದ್ವೆಗೆ ಮುಂಚೆ ಆಲೆಮನೇಲಿ ಬೆಲ್ಲ ಕಾಯ್ಸೋ ಆಳುಗಳಿಗೆಲ್ಲ ನಾನೇ ಕಣ್ರಲಾ ಇಟ್ಟು ಕಟ್ತಿದ್ದುದ್ದು.”

ಹೇಳಿದ ಮೇಲೆ, ಏನು ಹೇಳಿದೆ ಅಂತ ಅವರಿಗೇ ಗೊತ್ತಾಯ್ತು. ನನ್ನ ಕಡೆ ನೋಡಲಿಲ್ಲ. ಮೇಡಂ ಮುದ್ದೆ ಮುರೀತಿದ್ರು. ನಾನೇ ಕೇಳಿದೆ.

“ಅಂಗಾದ್ರೆ ಮನೇಲಿ ಇಟ್ಟು ಕಟ್ಟಕ್ಕೆ ನಾನ್ಯಾಕಪ್ಪ ಬರ್ಬೇಕು?”

ಆಲೆಮನೆ ಬೇರೆ, ಮನೆ ಬೇರೆ, ಊರೋರು ನಗಾಡ್ತಾರೆ ಅಂತ ಗೊಣಗಿದ್ರು. ಊರೋರು ಬಂದು ಮುದ್ದೆ ಕಟ್ಟಿಕೊಡ್ತಾರಾ ಅಂದೆ. ಉಂಡು ಕೈ ತೊಳೆದು, ಸಾರು ಮಾತ್ರ ನಿಮ್ಮವ್ವನ್ನ ಕೇಳ್ಕಂಡೇ ಮಾಡ್ಬೇಕು, ನೀನು ಪರೀಕ್ಷೆ ಮುಗಿಸ್ಕ, ಊರಲ್ಲಿ ಮಾತ್ರ ಬಾಯ್ಬುಟ್ಟೀಯ ಜೋಕೆ ಅಂತ ಹೇಳಿ ಒಬ್ಬರೇ ಬಸ್ಸು ಹತ್ತಿದ್ರು.

ಕ್ಯಾಂಪು ಮುಗಿದ ಭಾನುವಾರ ಅವ್ವನ್ನ ನೋಡೋಕೆ ಹೋದೆ. ಹಾಡುಹಗಲಲ್ಲಿ ಮುಂಬಾಗಿಲು ಹಾಕಿತ್ತು. ತೆಗೆದವಳು ನಾಗಮಂಗಲದ ಗಂಡನ ಮನೆಯಿಂದ ಕೈಗೂಸು ಎತ್ತಿಕೊಂಡು ಆವತ್ತಷ್ಟೇ ಅವ್ವನ್ನ ನೋಡೋಕೆ ಬಂದಿದ್ದ ನಮ್ಮಕ್ಕ. ಒಳಗೆ ಅಪ್ಪ, ಕಳ್ಳಭಟ್ಟಿ ಕಾಯಿಸೋರ ಥರ ಕದ್ದು ಮುದ್ದೆ ತೊಳಸ್ತಿದ್ರು. ನಾನು ಕ್ಯಾಂಪಿನ ಕತೆಯೆಲ್ಲಾ ಹೇಳಿದೆ. ಅವ್ವ ಮುರಿದ ಕೈ ಹಿಡ್ಕೊಂಡು ನಕ್ಕಿದ್ದೇ ನಕ್ಕಿದ್ದು. ಅಕ್ಕ ನಗಲಿಲ್ಲ. ಹಿಂದೆ ಅವ್ವನಿಗೆ ಕಾಮಾಲೆ ಆದಾಗ, ಮುದ್ದೆ ಕಟ್ಟೋರಿಲ್ಲ ಅಂತ ಪಿಯುಸಿ ಬಿಡಿಸಿ ಕರ್ಕೊಂಡು ಬಂದಿದ್ದು ಅವಳನ್ನ. ನನಗಿಂತ ಚೆನ್ನಾಗಿ ಓದೋಳು.

ಅಪ್ಪ ಮೊದಲನೇ ತಟ್ಟೆ ತಂದು ಅವಳ ಮುಂದೆ ಇಟ್ರು.

“ಆವತ್ತು ನೀನು ಕೇಳ್ನೇ ಇಲ್ವಲ್ಲವ್ವ,” ಅಂದ್ರು.

“ಕೇಳ್ಬೋದು ಅಂತ ನಂಗೆ ಯಾರೂ ಏಳ್ಕೊಟ್ಟಿರ್ನಿಲ್ಲ ಕಣಪ್ಪ,” ಅಂದ್ಲು ಅಕ್ಕ.