ಬೆನ್ನು ಬಲ್ಲ ಚಾಚಾ

ಬೆನ್ನಿಗೆ ಬಟ್ಟಲು ಕವುಚಿ, ಸಣ್ಣಗೆ ಗೀರಿ, ಕೆಟ್ಟ ರಕ್ತ ತೆಗೆಯುವ ಹಿಜಾಮಾ ಚಾಚಾಗೆ ಜನರ ಮುಖ ನೆನಪಿರುವುದಿಲ್ಲ, ಬೆನ್ನು ಮಾತ್ರ ಮರೆಯುವುದಿಲ್ಲ. ಬೀದಿಯಲ್ಲಿ ಯಾರಾದರೂ ಸಲಾಂ ಹೇಳಿದರೆ, "ಸ್ವಲ್ಪ ತಿರುಗಿ ನಿಲ್ಲಪ್ಪ, ಗುರುತು ಸಿಗಲಿಲ್ಲ" ಎನ್ನುತ್ತಾರೆ. ಬ್ಲೇಡು ಕಂಡು ಬೆವರುವ ಪೈಲ್ವಾನನಿಗೆ, "ಬಿಸ್ಮಿಲ್ಲಾ ಅಂದ್ಬಿಡು, ಸೊಳ್ಳೆ ಕಚ್ಚಿದಷ್ಟೇ" ಎಂದು ಹೇಳಿ, ಅವನು ಎಂಥ ಸೊಳ್ಳೆ ಎಂದು ಕೇಳುವಷ್ಟರಲ್ಲಿ ಗೀರಿ ಮುಗಿಸಿರುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾದ ಮೇಷ್ಟ್ರು ಮಾತ್ರ ಪ್ರತಿ ತಿಂಗಳೂ ಬಂದು, "ಬೆನ್ನೆಲ್ಲಾ ಭಾರ ಚಾಚಾ" ಎನ್ನುತ್ತಾ ಬೋರಲು ಮಲಗುತ್ತಾರೆ. ಆ ಬೆನ್ನಿಗೆ ಏನೂ ಆಗಿಲ್ಲವೆಂದು ಚಾಚಾಗೆ ಗೊತ್ತು. ಬ್ಲೇಡು ಮುಟ್ಟದೆ, ಬರಿಯ ಬಟ್ಟಲು ಕವುಚಿ, ಹೆಗಲ ಮೇಲೆ ಕೈಯಿಟ್ಟು ಅರ್ಧ ಗಂಟೆ ಸುಮ್ಮನೆ ಕೂರುತ್ತಾರೆ. "ಕೆಟ್ಟ ರಕ್ತ ಜಾಸ್ತಿ ಬಂತಾ?" ಎಂದು ಮೇಷ್ಟ್ರು ಕೇಳಿದರೆ, "ತುಂಬಾನೇ ಬಂತು ಮೇಷ್ಟ್ರೇ, ಇನ್ನೂ ಸ್ವಲ್ಪ ಇದೆ. ಮುಂದಿನ ತಿಂಗಳು ಬನ್ನಿ" ಎನ್ನುತ್ತಾರೆ.